ಗಡಿನಾಡ ಶಾಲೆ ಮತ್ತು ಕಡಲಾಚೆಯ ವಿಶ್ವವಿದ್ಯಾಲಯ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪೋಷಕರ ಹಾಗೂ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈಚಿನ ವರ್ಷಗಳಲ್ಲಿ ಮಕ್ಕಳ ವರ್ಗಾವಣೆ ಪತ್ರ ಕೇಳಲು ಬರುವ ಪೋಷಕರು ನಮ್ಮ ಮುಂದಿಡುವ ಪ್ರಶ್ನೆ ಬಹುಮಟ್ಟಿಗೆ ಒಂದೇ. “ಟೀಚರೇ, ಕನ್ನಡ ಮೀಡಿಯಂನಲ್ಲಿ ಕಲಿತು ನಾಳೆ ಫಾರಿನ್ನಿಗೆ ಹೋಗಿ ಓದಲಿಕ್ಕೆ ಆಗ್ತದಾ?” 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ತರಗತಿಗಳನ್ನು ತುಂಬಿಸಿಕೊಂಡು ಬಂದ ಈ ಶಾಲೆಯ ಬೆಂಚುಗಳು ಇಂದು ಈ ಒಂದು ಸಂಶಯದಿಂದಲೇ ಬರಿದಾಗುತ್ತಿವೆ. ಆದುದರಿಂದ ನೇರವಾಗಿಯೇ ಉತ್ತರಿಸಬಯಸುತ್ತೇವೆ. ನಮ್ಮ ಹಳೆವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಚಾರಿಸುವ ದೇಶ ಜರ್ಮನಿ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಅಲ್ಲಿನ ವಿಶ್ವವಿದ್ಯಾಲಯಗಳು ಅಳೆಯುವುದು ಪದವಿಯ ಅಂಕಗಳನ್ನು, ವಿಷಯದ ಹೊಂದಾಣಿಕೆಯನ್ನು ಮತ್ತು ಸದ್ಯದ ಭಾಷಾಸಾಮರ್ಥ್ಯವನ್ನು. ಆಂಗ್ಲಭಾಷೆಯ ಕೋರ್ಸಾದರೆ ಐಇಎಲ್‌ಟಿಎಸ್ ಅಥವಾ ಟೋಫೆಲ್, ಜರ್ಮನ್ ಭಾಷೆಯದಾದರೆ ಆ ಭಾಷೆಯ ಪರೀಕ್ಷೆ. ನಮ್ಮ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುತ್ತದೆ. ಶಾಲೆಯಲ್ಲಿ ಗ್ರಂಥಸ್ಥ ಕನ್ನಡ, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಹಿಂದಿ ಮತ್ತು ಇಂಗ್ಲಿಷ್. ಅಂಥ ಮಗುವಿಗೆ ಜರ್ಮನ್ ಆರನೆಯ ಭಾಷೆ. ಎರಡನೆಯ ಭಾಷೆಗೇ ತಡವರಿಸುವವರ ನಡುವೆ ಇದು ಸಣ್ಣ ಬಂಡವಾಳವೇ?

ಈ ಸಂಬಂಧ ಹೊಸದೂ ಅಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳ ನಿಘಂಟನ್ನು ಹೊರತಂದರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಅದೇ ವಿಶ್ವವಿದ್ಯಾಲಯ. ನಾವು ದಿನನಿತ್ಯ ಆಡುವ ಎರಡೂ ಭಾಷೆಗಳ ಮಹಾನಿಘಂಟುಗಳು ನಮ್ಮ ನೆರೆಯ ಮಂಗಳೂರಿನಲ್ಲಿಯೇ ಅಚ್ಚಾದವು. ಅವರು ಇಲ್ಲಿಗೆ ಬಂದು ನಮ್ಮ ನುಡಿಯನ್ನು ಕಲಿತರು. ನಮ್ಮವರು ಅಲ್ಲಿಗೆ ಹೋಗಿ ಕಲಿಯುವುದರಲ್ಲಿ ಅಳುಕೇಕೆ?

ಅಳುಕಬೇಕಾದದ್ದು ಬೇರೆಡೆ ಇದೆ, ಅದು ಹಣದ ವಿಚಾರ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ಟ್ಯೂಬಿಂಗೆನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪು ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1500 ಯೂರೋ ಕೊಡಬೇಕು. ವೀಸಾಕ್ಕೆ ಮುನ್ನ ಒಂದು ವರ್ಷದ ಜೀವನವೆಚ್ಚವೆಂದು, 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಲೆಕ್ಕದಂತೆ, 11,904 ಯೂರೋಗಳನ್ನು ವಿಶೇಷ ಖಾತೆಯಲ್ಲಿ ಇರಿಸಬೇಕು. ಇದು ಶುಲ್ಕವಲ್ಲ, ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಗೇ ಮರಳುವ ಹಣ. ಕೆಲವು ಏಜೆಂಟರು ಇದನ್ನು “ಕಾಲೇಜಿನ ಫೀಸು” ಎಂದು ಹೇಳುವುದನ್ನು ಕೇಳಿದ್ದೇವೆ. ಹಾಗೆಂದವರ ಮನೆಬಾಗಿಲನ್ನು ಮತ್ತೆ ತುಳಿಯಬೇಡಿ. ವರ್ಷಕ್ಕೆ 140 ಪೂರ್ಣ ದಿನಗಳ ದುಡಿಮೆಗೆ ಅಲ್ಲಿ ಅವಕಾಶವಿದ್ದರೂ ಅದನ್ನೇ ನೆಚ್ಚಿ ಹೊರಡುವುದು ತರವಲ್ಲ. ಅಡಿಕೆ ತೋಟವನ್ನು ಅಡವಿಟ್ಟು ಸಾಲ ಮಾಡುವವರು, ಓದುತ್ತಿರುವ ಅವಧಿಯಲ್ಲಿಯೂ ಬಡ್ಡಿ ಬೆಳೆಯುತ್ತದೆಂಬುದನ್ನು ಮರೆಯಬಾರದು. ಕೊಳೆರೋಗ ಹತ್ತಿದ ವರ್ಷದಲ್ಲಿ ಬ್ಯಾಂಕು ಕಾಯುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಡಿಎಎಡಿ ಸಂಸ್ಥೆಯಿದೆ. 1925ರಲ್ಲಿ ಹೈಡೆಲ್‌ಬರ್ಗಿನಲ್ಲಿ ಹುಟ್ಟಿದ ಅದೂ ನಮ್ಮ ಶಾಲೆಯಂತೆ ಶತಾಯುಷಿಯೇ!

ಪ್ಲಸ್ ಟು ಮುಗಿದೊಡನೆ ಕಳುಹಿಸಬಹುದೇ ಎಂದು ಕೇಳುವವರಿದ್ದಾರೆ. ಕೇವಲ ಆ ಅರ್ಹತೆಯಿಂದ ಸಾಮಾನ್ಯವಾಗಿ ನೇರ ಪ್ರವೇಶ ದೊರೆಯದು. ಪದವಿಯನ್ನು ಇಲ್ಲಿಯೇ ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಹದಿನೆಂಟರ ಮಗು ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ ಒಂಟಿಯಾಗಿ ಅಡುಗೆ ಮಾಡಿಕೊಂಡು ಓದುವುದು ಹಗುರದ ಮಾತಲ್ಲ.

ಇನ್ನೊಂದು ಸಂಗತಿ ಕ್ಷುಲ್ಲಕವೆನಿಸಬಹುದು, ಅದು ಹೆಸರು. ನಮ್ಮಲ್ಲಿ ಮನೆತನದ ಹೆಸರೋ ಊರಿನ ಹೆಸರೋ ಒಂದೆರಡು ಇನಿಶಿಯಲ್ ಆಗಿ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ ಸೇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಬಿಡಿಸಿಕೊಂಡು ಉದ್ದವಾಗುತ್ತದೆ, ಪದವಿಯ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಬಂದು ಕೂಡಿಕೊಳ್ಳುತ್ತದೆ. ನಮಗೆ ಮೂವರೂ ಒಬ್ಬಳೇ, ಕಡತಕ್ಕೆ ಮೂವರು. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ ಎಪಿಎಸ್ ಎಂಬ ಕೇಂದ್ರ ನೀಡುವ ಪ್ರಮಾಣಪತ್ರ ಜರ್ಮನಿಯ ವೀಸಾಕ್ಕೆ ಕಡ್ಡಾಯವಾಗಿದೆ. ನಮ್ಮ ಹಳೆವಿದ್ಯಾರ್ಥಿನಿಯೊಬ್ಬಳು ಈ ಹೆಸರಿನ ಗೊಂದಲವನ್ನು ಬಿಡಿಸುವಷ್ಟರಲ್ಲಿ ಅಕ್ಟೋಬರಿನ ಸೆಮಿಸ್ಟರ್ ಕಳೆದುಕೊಂಡಳು. ಅಂಕಗಳಿಗೆ ಕೊರತೆಯಿರಲಿಲ್ಲ, ಇಂಗ್ಲಿಷಿಗೂ ಕೊರತೆಯಿರಲಿಲ್ಲ. ಕನ್ನಡ ಮಾಧ್ಯಮದ ಪ್ರಶ್ನೆಯನ್ನು ಯಾರೂ ಎತ್ತಲೂ ಇಲ್ಲ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುನ್ನ ಹೆಸರಿನ ಪಟ್ಟಿಯನ್ನು ಶಾಲೆಯಲ್ಲಿ ತಿದ್ದಿಸಿಕೊಳ್ಳುವುದು ಸುಲಭ. ಪ್ರಮಾಣಪತ್ರ ಅಚ್ಚಾದ ಮೇಲೆ ತಿರುವನಂತಪುರದ ಪರೀಕ್ಷಾಭವನದವರೆಗೆ ಅರ್ಜಿ ಹೋಗಬೇಕು. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳ ಪೋಷಕರು ಜನನ ಪ್ರಮಾಣಪತ್ರದೊಂದಿಗೆ, ಪಾಸ್‌ಪೋರ್ಟ್ ಇದ್ದರೆ ಅದನ್ನೂ ತೆಗೆದುಕೊಂಡು, ಮುಂದಿನ ವಾರ ಯಾವ ದಿನವಾದರೂ ಮೂರು ಗಂಟೆಯ ಮೇಲೆ ಕಚೇರಿಗೆ ಬನ್ನಿರಿ. ದಾಖಲಾತಿ ಪುಸ್ತಕವನ್ನು ತೆರೆದಿಟ್ಟು, ಒಂದೊಂದೇ ಅಕ್ಷರವನ್ನು ಒಟ್ಟಿಗೆ ಕುಳಿತು ನೋಡೋಣ.