ಅಜ್ಜ ಕೇಳಿದ ಪ್ರಶ್ನೆ



"ಮುಂದೆ ಏನು ಓದುತ್ತೀಯ?" ಎಂದು ಈಗ ಎಲ್ಲರೂ ಕೇಳುತ್ತಾರೆ. ಫೈನಾನ್ಸ್ ಎಂದರೆ ಸಾಕು, "ಹಾಗಾದರೆ ಸಿಎಫ್‌ಎ ಮಾಡು" ಎನ್ನುತ್ತಾರೆ. ನಾವಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಯುರೋಪಿನ ಕೇಂದ್ರ ಬ್ಯಾಂಕೇ ಇಲ್ಲಿದೆ. ಹಾಗಾಗಿ ಈ ಸಲಹೆ ಸಹಜ. ಆದರೆ ನಮ್ಮ ಮನೆಯಲ್ಲಿ ನಡೆದದ್ದನ್ನು, ಅಕ್ಕನನ್ನು ಕೇಳಿಯೇ, ನಿಮಗೆ ಹೇಳುತ್ತೇನೆ.

ಅಕ್ಕ ಇಲ್ಲಿ ಬಿಸಿನೆಸ್ ಡಿಗ್ರಿಗೆ ಸೇರಿದಳು. ಮೊದಲ ವರ್ಷವೇ ಅವಳನ್ನು ಆನ್‌ಲೈನ್ ಸಿಎಫ್‌ಎ ಕೋಚಿಂಗಿಗೂ ಸೇರಿಸಿದೆವು. ಅದರಲ್ಲಿ ಮೂರು ಹಂತಗಳಿವೆ. ಒಂದೊಂದು ಹಂತಕ್ಕೂ ಸುಮಾರು 300 ಗಂಟೆ ಓದಬೇಕು. ಇಲ್ಲಿನ ಡಿಗ್ರಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ, ಸೆಮಿಸ್ಟರಿಗೆ 30 ಕ್ರೆಡಿಟ್. ಅಂದರೆ ಸಿಎಫ್‌ಎಯ ಒಂದು ಹಂತವೇ ಸೆಮಿಸ್ಟರಿನ ಮೂರನೇ ಒಂದು ಭಾಗದಷ್ಟು ಓದು. ಈ ಲೆಕ್ಕವನ್ನು ನಾವು ಯಾರೂ ಹಾಕಲಿಲ್ಲ. ಡಿಗ್ರಿ ಮುಗಿಯಲು 23 ತಿಂಗಳಿಗಿಂತ ಹೆಚ್ಚು ಬಾಕಿಯಿದ್ದರೆ ಮೊದಲ ಹಂತದ ಪರೀಕ್ಷೆಗೆ ಕೂರಲೂ ಆಗುವುದಿಲ್ಲ ಎಂಬುದನ್ನೂ ನೋಡಲಿಲ್ಲ.

ಅಕ್ಕ ಸ್ಟಾಟಿಸ್ಟಿಕ್ಸ್‌ನಲ್ಲಿ ಎರಡು ಸಲ ಫೇಲಾದಳು. ಅವಳ ಕೋರ್ಸಿನಲ್ಲಿ ಕಡ್ಡಾಯ ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದ ಹೊರಗೆ. ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸಿಗೆ ಸೇರುವುದು ಕಷ್ಟ. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ.

ಆಗ ಉಡುಪಿಯಿಂದ ಅಜ್ಜ ಫೋನ್ ಮಾಡಿದರು. ಅಜ್ಜ ಪಿಗ್ಮಿ ಕಲೆಕ್ಷನ್ ಮಾಡುತ್ತಿದ್ದವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಉಳಿತಾಯದಿಂದ ಶುರುಮಾಡಿದ ಯೋಜನೆ ಅದು. ಅಜ್ಜನಿಗೆ ಬ್ಯಾಂಕೆಂದರೆ ಹೂವಿನವರು, ಮೀನಿನವರು, ಅಂಗಡಿಯವರು. ಅವರು ಅಕ್ಕನನ್ನು ಕೇಳಿದ್ದು ಇಷ್ಟೇ: "ಓದಿ ಆದ ಮೇಲೆ ನೀನು ಯಾರ ದುಡ್ಡು ನೋಡಿಕೊಳ್ಳುವುದು ಮಗಾ? ಅದೇ ಗೊತ್ತಿಲ್ಲದೆ ಯಾವ ಪರೀಕ್ಷೆ ಬೇಕಂತ ಹೇಗೆ ಗೊತ್ತಾಗ್ತದೆ?"

ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಅವಳು ಕೋಚಿಂಗ್ ಬಿಟ್ಟಳು, ಸ್ಟಾಟಿಸ್ಟಿಕ್ಸ್ ಒಂದನ್ನೇ ಹಿಡಿದು ಕೂತಳು, ಮೂರನೇ ಸಲ ಪಾಸಾದಳು. ಆಮೇಲೆ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದಳು. ಅವಳಿಗೆ ಅದೇ ಇಷ್ಟವಾಯಿತು. ಆ ಕೆಲಸಕ್ಕೆ ಬೇಕಾದದ್ದು ಸ್ಟಾಯರ್‌ಬೆರಾಟರ್ ಪರೀಕ್ಷೆ. ಡಿಗ್ರಿಯ ನಂತರ ಕೆಲವು ವರ್ಷ ದುಡಿದು ಜರ್ಮನ್ ತೆರಿಗೆ ಕಾನೂನಿನಲ್ಲಿ ಬರೆಯುವ ಪರೀಕ್ಷೆ ಅದು. ಸಿಎಫ್‌ಎ ಒಳ್ಳೆಯದೇ, ಆದರೆ ಅದು ಹೂಡಿಕೆಯ ಕೆಲಸ ಮಾಡುವವರಿಗೆ.

ಇನ್ನು ನನ್ನ ವಿಷಯ. ಆಬಿಟೂರ್ ಆದ ಮೇಲೆ ಮೊದಲು ಬ್ಯಾಂಕಿನಲ್ಲಿ ಆಸ್‌ಬಿಲ್ಡುಂಗ್ ಮಾಡಬೇಕೆಂದಿದ್ದೇನೆ. ಬ್ಯಾಂಕಿನಲ್ಲಿ ಕೆಲಸ, ಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ, ಕೈಗೆ ಸಂಬಳ. ಯೂನಿವರ್ಸಿಟಿ ಆಮೇಲೆ. "ಅದು ಓದು ಬಾರದವರಿಗಲ್ಲವಾ?" ಎಂದರು ಅಪ್ಪ. ಅಲ್ಲ ಅಪ್ಪ, ಇಲ್ಲಿ ಆಬಿಟೂರ್ ಆದವರೂ ಬೇಕಾದಷ್ಟು ಜನ ಮಾಡುತ್ತಾರೆ. ಅಪ್ಪ ಇನ್ನೂ ಒಪ್ಪಿಲ್ಲ. ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಅಪ್ಪ ಅಮ್ಮಂದಿರಲ್ಲಿ ನನ್ನದೊಂದೇ ವಿನಂತಿ. ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಅಜ್ಜ ಕೇಳಿದ ಪ್ರಶ್ನೆಯನ್ನು ಮಕ್ಕಳನ್ನು ಕೇಳಿ. ಉತ್ತರ ಹೇಳಲು ನಮಗೆ ಸ್ವಲ್ಪ ಸಮಯ ಕೊಡಿ.

ಫೋನಿನಲ್ಲಿ ಅಜ್ಜನ ಮಾತು ಅರ್ಥವಾಗುವಷ್ಟು ಕನ್ನಡ ಕಲಿಸಿದ ಈ ಶಾಲೆಗೆ ನಾನು ಋಣಿ.