ನುಣ್ಣನೆಯ ಗಡ್ಡಕ್ಕೆ ಎಂಥ ಶೇವರ್?
(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)



ಗಡ್ಡ ಮಾಡಿಕೊಳ್ಳುವುದರ ಬಗ್ಗೆ ರೇಡಿಯೋದಲ್ಲಿ ಮಾತಾಡುವುದೇನಿದೆ ಎಂದು ನಗಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ, ಅಪ್ಪ ಬೀದರಿನಿಂದ ಬಸ್ಸು ಹತ್ತಿ ಕೂಕಟ್‌ಪಲ್ಲಿಯಲ್ಲಿ ನಮ್ಮ ಮನೆಗೆ ಬಂದು ಇರುವ ತನಕ.

ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಳಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ಹಳೆಯ ರೇಜರಿನಿಂದ ಗದ್ದದ ಹತ್ತಿರ ಸಣ್ಣ ಗಾಯ ಮಾಡಿಕೊಂಡರು. ಅರ್ಧ ಗಂಟೆಯಾದರೂ ರಕ್ತ ನಿಲ್ಲಲಿಲ್ಲ, ಟವೆಲೆಲ್ಲ ಕೆಂಪಾಯಿತು. ಡಾಕ್ಟರು ಹೇಳಿದ್ದು ಒಂದೇ ಮಾತು: "ಬ್ಲೇಡು ಬಿಡಿಸಿ, ಕರೆಂಟಿನ ಶೇವರ್ ಕೊಡಿಸಿ."

ಅವತ್ತೇ ಸಂಜೆ ಅಂಗಡಿಗೆ ಹೋಗಿ ಕಡಿಮೆ ಬೆಲೆಯದೊಂದು ತಂದೆ. ಅಲ್ಲೇ ನಾನು ತಪ್ಪಿದ್ದು. ಅದು ಶೇವರ್ ಅಲ್ಲ, ಟ್ರಿಮ್ಮರ್. ಟ್ರಿಮ್ಮರ್ ಕೂದಲನ್ನು ಗಿಡ್ಡ ಮಾಡುತ್ತದೆಯೇ ಹೊರತು ನುಣ್ಣಗೆ ಮಾಡುವುದಿಲ್ಲ. ಅಪ್ಪ ಕೆನ್ನೆ ಮೇಲೆ ಕೈಯಾಡಿಸಿ, "ತಮ್ಮಾ, ಇದು ಗಡ್ಡ ತೆಗದಂಗಿಲ್ಲ, ಕೊಯ್ದ ಜ್ವಾಳದ ಹೊಲ ಆದಂಗ ಆಗ್ಯದ" ಅಂದರು. ಆಮೇಲೆ ಗಡ್ಡ ಮಾಡಿಕೊಳ್ಳುವುದನ್ನೇ ಬಿಟ್ಟರು. ಸಂಜೆ ಪಾರ್ಕಿಗೆ ಹೋಗುವುದೂ ನಿಂತಿತು. ನಲವತ್ತು ವರ್ಷ ದಿನಾ ಗಡ್ಡ ತೆಗೆದು ಆಫೀಸಿಗೆ ಹೋದ ಮನುಷ್ಯ, ಹಾಗೆ ನಾಲ್ಕು ಜನರ ಎದುರು ಹೋಗಲು ನಾಚಿಕೆಪಟ್ಟರು. ಆಗ ನಾನು ಸ್ವಲ್ಪ ವಿಚಾರಿಸಿಕೊಂಡೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಶೇವರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ದುಂಡು ತಲೆಯದು, ಎರಡು ಮೂರು ಚಕ್ರಗಳು ತಿರುಗುತ್ತವೆ. ಇದನ್ನು ಫಿಲಿಪ್ಸ್ ಕಂಪನಿ 1939ರಲ್ಲಿ ತಂದಿತು. ಇನ್ನೊಂದು ಜಾಲರಿಯದು. ಕೂದಲೆಳೆಯಷ್ಟೇ ತೆಳುವಾದ ತೂತಿನ ತಗಡು ಮೇಲೆ, ಅದರ ಕೆಳಗೆ ಅತ್ತಿತ್ತ ಓಡುವ ಬ್ಲೇಡು. ಬ್ರೌನ್ ಕಂಪನಿಯ ಮೊದಲ ಜಾಲರಿ ಶೇವರ್ ಬಂದದ್ದು 1950ರಲ್ಲಿ. ಇವೆರಡಕ್ಕೂ ಮುಂಚೆ, 1931ರಲ್ಲೇ ಅಮೆರಿಕದಲ್ಲಿ ಜೇಕಬ್ ಶಿಕ್ ವಿದ್ಯುತ್ ಶೇವರನ್ನು ಮಾರಾಟಕ್ಕೆ ತಂದಿದ್ದ.

ದಿನಾ ಅಥವಾ ದಿನ ಬಿಟ್ಟು ದಿನ ಗಡ್ಡ ಮಾಡುವವರಿಗೆ, ನುಣ್ಣಗೇ ಬೇಕು ಅನ್ನುವವರಿಗೆ ಸಾಮಾನ್ಯವಾಗಿ ಜಾಲರಿಯದು ಒಳ್ಳೆಯದು. ಮೂರ್ನಾಲ್ಕು ದಿನಕ್ಕೊಮ್ಮೆ ಮಾಡುವವರಿಗೆ, ಕುತ್ತಿಗೆಯಲ್ಲಿ ಕೂದಲು ಸುತ್ತಿ ಸುತ್ತಿ ಬೆಳೆಯುವವರಿಗೆ ದುಂಡು ತಲೆಯದು ಅನುಕೂಲ. ಆದರೆ ಒಂದು ಸತ್ಯ ಮೊದಲೇ ತಿಳಿದಿರಲಿ. ಚರ್ಮಕ್ಕೂ ಬ್ಲೇಡಿಗೂ ನಡುವೆ ಆ ತಗಡು ಇರುವುದರಿಂದಲೇ ಗಾಯ ಕಡಿಮೆ. ಅದೇ ಕಾರಣಕ್ಕೆ ಬರೀ ಬ್ಲೇಡಿನಷ್ಟು ನುಣುಪು ಯಾವ ಶೇವರಿನಿಂದಲೂ ಪೂರ್ತಿ ಬರುವುದಿಲ್ಲ.

ಕೊಳ್ಳುವಾಗ ಮೂರು ವಿಷಯ ನೋಡಿ. ಮೊದಲನೆಯದು, ಆ ಮಾದರಿಯ ಜಾಲರಿ ಮತ್ತು ಬ್ಲೇಡು ಇಲ್ಲಿ ಬಿಡಿಯಾಗಿ ಸಿಗುತ್ತವೆಯೇ? ವರ್ಷ, ಒಂದೂವರೆ ವರ್ಷಕ್ಕೆ ಬದಲಿಸಬೇಕಾಗುತ್ತದೆ. ಬಿಡಿಭಾಗದ ಬೆಲೆ ಕೇಳಿಯೇ ಶೇವರ್ ಕೊಳ್ಳಿ. ಎರಡನೆಯದು, ನೀರಿನಲ್ಲಿ ತೊಳೆಯಬಹುದೇ? ಮೂರನೆಯದು, ಅಮೆರಿಕದಿಂದ ಮಗನೋ ಅಳಿಯನೋ ತಂದದ್ದಾದರೆ ಚಾರ್ಜರಿನ ಮೇಲೆ 100-240 ವೋಲ್ಟ್ ಎಂದು ಇದೆಯೇ ನೋಡಿ. ಬರೀ 110 ಅಥವಾ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಬೇಡಿ, ಸುಟ್ಟುಹೋಗುತ್ತದೆ.

ಬಳಸುವ ಕ್ರಮವೂ ಮುಖ್ಯ. ಒಣ ಶೇವಿಂಗಾದರೆ ಮುಖ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಒಂದು ಕೈಯಿಂದ ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ನಿಧಾನವಾಗಿ ಓಡಿಸಿ. ಜಾಲರಿಯದನ್ನು ನೇರವಾಗಿ, ದುಂಡು ತಲೆಯದನ್ನು ಸಣ್ಣ ಸಣ್ಣ ಸುತ್ತಿನಲ್ಲಿ. ಒತ್ತಬೇಡಿ, ಒತ್ತಿದರೆ ಉರಿಯೇ ಹೆಚ್ಚು. ಗಡ್ಡ ಉದ್ದವಿದ್ದರೆ ಮೊದಲು ಟ್ರಿಮ್ಮರ್ ಆಡಿಸಿ. ಜಾಲರಿ ಎಲ್ಲಾದರೂ ಹರಿದಿದ್ದರೆ ಅವತ್ತು ಶೇವ್ ಬೇಡ. ರಕ್ತದ ಗುಳಿಗೆ ತಿನ್ನುವವರಂತೂ ಈ ಮಾತು ಮರೆಯಬಾರದು. ಒಬ್ಬರ ಶೇವರ್ ಇನ್ನೊಬ್ಬರಿಗೆ ಕೊಡುವುದೂ ಬೇಡ.

ಅಪ್ಪನಿಗೆ ಜಾಲರಿಯದು ತಂದೆ. ಮೊದಲ ವಾರ ಮುಖ ಕೆಂಪಾಗಿ, "ಬ್ಲೇಡೇ ಛಲೋ ಇತ್ತು" ಎಂದು ಗೊಣಗಿದರು. ಚರ್ಮ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು, ಅಷ್ಟು ತಾಳಿ ಎಂದೆ. ನಾಲ್ಕನೆಯ ವಾರ ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಾರ್ಕಿಗೆ ಹೋಗಿದ್ದರು.

ನಿಮ್ಮ ಮನೆಯ ಹಿರಿಯರೂ ಅಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಈ ಭಾನುವಾರ ಅವರ ರೇಜರನ್ನು ಒಮ್ಮೆ ನೋಡಿ.