ಕಂಪ್ಯೂಟರ್ ಪದವಿ ಮತ್ತು ನಮ್ಮ ಮಕ್ಕಳು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಪಕ್ಷದ ಕಚೇರಿಗೆ ಬರುವವರಲ್ಲಿ ಬಹುಮಂದಿ ಕೇಳುವ ಪ್ರಶ್ನೆ ಒಂದೇ: "ಮಕ್ಕಳು ಕಂಪ್ಯೂಟರ್ ಓದುತ್ತೇವೆ ಅನ್ನುತ್ತಾರೆ. ಇರುವ ಸೈಟು ಮಾರಿ ಸೇರಿಸಬಹುದೇ?" ಕೇಳುವವರು ಗಿರಣಿಯಲ್ಲಿ ದುಡಿದವರು, ಕಿರಾಣಿ ಅಂಗಡಿ ಇಟ್ಟವರು, ಸಂತೆಯಲ್ಲಿ ಬಟ್ಟೆ ಮಾರುವವರು. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸುವುದು ನ್ಯಾಯವಲ್ಲ. ಆ ವಿದ್ಯೆ ಎಂಥದು, ಅದಕ್ಕೆ ಬೆಲೆ ಕಟ್ಟಿದವರು ಯಾರು, ಬೇರೆ ಬಾಗಿಲುಗಳುಂಟೇ, ಓದಿದ ಮೇಲೆ ಗತಿಯೇನು ಎಂಬುದನ್ನು ಇಂದು ಕ್ರಮವಾಗಿ ವಿಚಾರ ಮಾಡೋಣ.

ಮೊದಲು ಒಂದು ಅಂಜಿಕೆಯನ್ನು ತೆಗೆದುಹಾಕಬೇಕು. ಇದು ದೊಡ್ಡ ಮನೆತನದವರ ವಿದ್ಯೆ, ನಮ್ಮಂಥವರ ಮಕ್ಕಳ ತಲೆಗೆ ಹತ್ತತಕ್ಕದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬಾತ 1804ರಲ್ಲಿ ಒಂದು ಹೊಸ ರೇಷ್ಮೆ ಮಗ್ಗವನ್ನು ಸಿದ್ಧಪಡಿಸಿದ. ರಟ್ಟಿನ ಪಟ್ಟಿಗಳಲ್ಲಿ ತೂತು ಕೊರೆದು, ಸರಪಳಿಯಂತೆ ಹೊಲಿದು ಮಗ್ಗಕ್ಕೆ ಕೊಟ್ಟರೆ, ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತಿತ್ತು, ಇಲ್ಲದಲ್ಲಿ ಏಳುತ್ತಿರಲಿಲ್ಲ. ಹೀಗೆ ಬುಟ್ಟಾ ತಾನಾಗಿ ಮೂಡುತ್ತಿತ್ತು. ಇಂಗ್ಲೆಂಡಿನ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕದ ಯಂತ್ರವೊಂದನ್ನು ಯೋಚಿಸಿದಾಗ ಈ ತೂತಿನ ಪಟ್ಟಿಯನ್ನೇ ಎರವಲು ಪಡೆದ. ಅಮೆರಿಕದಲ್ಲಿ 1890ರ ಜನಗಣತಿಯನ್ನು ಹಾಲರಿತ್‌ನ ತೂತಿನ ಕಾರ್ಡುಗಳಿಂದ ಎಣಿಸಿದರು. ಮುಂದೆ ಬಂದ ಕಂಪ್ಯೂಟರುಗಳೂ ಎಷ್ಟೋ ವರ್ಷ ಇಂಥ ಕಾರ್ಡುಗಳನ್ನೇ ಓದುತ್ತಿದ್ದವು. ತೂತು ಉಂಟು ಅಥವಾ ಇಲ್ಲ. ಒಂದು ಅಥವಾ ಸೊನ್ನೆ. ಜಕಾರ್ಡ್ ಮಗ್ಗಕ್ಕೆ ಕಾರ್ಡು ಕಟ್ಟಿದ ನೇಕಾರನಿಗೆ ಈ ತತ್ವವನ್ನು ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ.

ಇನ್ನು ಪದವಿಯ ಮಾತು. ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನಾಲ್ಕು ವರ್ಷದ ಬಿ.ಇ. ಇದರಲ್ಲಿ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಎಂಬ ವಿಭಾಗಗಳುಂಟು. ರಾಜ್ಯದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಇನ್ನೊಂದು, ಸಾಮಾನ್ಯ ಪದವಿ ಕಾಲೇಜುಗಳಲ್ಲಿರುವ ಮೂರು ವರ್ಷದ ಬಿ.ಸಿ.ಎ.

ಅಲ್ಲಿ ಕಲಿಸುವುದೇನು? ಹೆಸರು ಕೇಳಿದರೆ ದಿಗಿಲಾಗುತ್ತದೆ. ಒಳಗಿನ ವಿಷಯ ನಮಗೆ ಪರಿಚಿತವೇ. ನೂರಾರು ಸಾಮಾನುಗಳಲ್ಲಿ ಬೇಕಾದದ್ದು ಕೂಡಲೆ ಕೈಗೆ ಸಿಗುವಂತೆ ಕಿರಾಣಿ ಅಂಗಡಿಯವನು ಜೋಡಿಸಿಡುತ್ತಾನಲ್ಲವೇ? ಮಾಹಿತಿಯನ್ನು ಹಾಗೆ ಜೋಡಿಸುವ ಶಾಸ್ತ್ರ ಡೇಟಾ ಸ್ಟ್ರಕ್ಚರ್ಸ್. ಹತ್ತು ಗುಮಾಸ್ತರು ಏಕಕಾಲದಲ್ಲಿ ಬರೆದರೂ ಖಾತೆ ತಪ್ಪದಂತೆ ಕಾಯುವ ಶಾಸ್ತ್ರ ಡೇಟಾಬೇಸ್. ಇರುವ ಯಂತ್ರವನ್ನು ಹಲವು ಕೆಲಸಗಳಿಗೆ ಪಾಳಿಯ ಪ್ರಕಾರ ಹಂಚುವ ಮುಕಾದಮನ ಕೆಲಸ ಆಪರೇಟಿಂಗ್ ಸಿಸ್ಟಂನದು. ಸುದ್ದಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಬರೆದು ಕಳಿಸಿ, ಮುಟ್ಟಿದ ಕಡೆ ಮತ್ತೆ ಕೂಡಿಸುವುದು ನೆಟ್‌ವರ್ಕ್. ಇವೆಲ್ಲದರ ಬುಡದಲ್ಲಿ ಇರುವುದು ಗಣಿತ.

ಇಲ್ಲಿ ಎಚ್ಚರವಿರಲಿ. ಪ್ರೋಗ್ರಾಂ ಬರೆಯುವ ಭಾಷೆಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮೇಲೆ ಹೇಳಿದ ಬುಡದ ವಿಷಯಗಳು ಬದಲಾಗುವುದಿಲ್ಲ. ಒಂದೇ ಜಾತಿಯ ಮಗ್ಗ ನಡೆಸಲು ಮಾತ್ರ ಕಲಿತವನು ಆ ಮಗ್ಗ ಹೋದ ದಿನ ಏನಾದನೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡದ ಗಾಜನ್ನು ನೋಡಬೇಡಿ. ಗಣಿತ ಕಲಿಸಲು ಖಾಯಂ ಅಧ್ಯಾಪಕರು ಇದ್ದಾರೆಯೇ, ಪ್ರಯೋಗಾಲಯ ಸಂಜೆಯವರೆಗೆ ತೆರೆದಿರುತ್ತದೆಯೇ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ.

ಈಗ ಬೆಲೆಯ ವಿಚಾರ. ಕ್ಯಾಪಿಟೇಷನ್ ಹಣವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿಯೇ ಕಾಯಿದೆ ಮಾಡಿತು. ನಮ್ಮ ರಾಜ್ಯದ ವೈದ್ಯಕೀಯ ಕಾಲೇಜೊಂದರ ಶುಲ್ಕದ ಮೇಲೆ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಅಂಥ ವಸೂಲಿ ಕೂಡದೆಂದಿತು. 2002ರ ಟಿ.ಎಂ.ಎ. ಪೈ ಪ್ರಕರಣದ ತೀರ್ಪು ಲಾಭಕೋರತನ ಕೂಡದೆಂದು ಹೇಳಿದರೂ ಶುಲ್ಕ, ಪ್ರವೇಶಗಳಲ್ಲಿ ಖಾಸಗಿ ಸಂಸ್ಥೆಗಳ ಕೈಯನ್ನು ಸಡಿಲ ಬಿಟ್ಟಿತು. ಫಲವೇನು? ಒಂದೇ ಕೊಠಡಿ, ಒಂದೇ ಬೆಂಚು, ಒಬ್ಬರೇ ಅಧ್ಯಾಪಕರು, ಆದರೆ ಸಿ.ಇ.ಟಿ. ಸೀಟಿಗೆ ಒಂದು ದರ, ಕಾಮೆಡ್-ಕೆ ಸೀಟಿಗೆ ಇನ್ನೊಂದು, ಆಡಳಿತ ಮಂಡಳಿಯ ಸೀಟಿಗೆ ಮತ್ತೊಂದು. ಸಾರ್ವಜನಿಕ ಕಾಲೇಜುಗಳಿಗೂ ಈ ರೋಗ ತಗಲಿತು. ದಾವಣಗೆರೆಯ ಯು.ಬಿ.ಡಿ.ಟಿ. ಕಾಲೇಜು 1951ರಲ್ಲಿ ಹುಟ್ಟಿದ್ದು. ಹತ್ತಿ ಗಿರಣಿಗಳ ಆ ಊರಿನಲ್ಲಿ ಬಡವರ ಮಕ್ಕಳು ಎಂಜಿನಿಯರಾಗಲು ಇದ್ದ ದಾರಿ ಅದು. ಅಲ್ಲಿನ ಅರ್ಧ ಸೀಟುಗಳನ್ನು ಹೆಚ್ಚು ಶುಲ್ಕದ ಪೇಮೆಂಟ್ ಕೋಟಾಕ್ಕೆ ಬಿಟ್ಟದ್ದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಆ ಮಕ್ಕಳು ಭಿಕ್ಷೆ ಕೇಳಲಿಲ್ಲ. ನಮ್ಮ ತೆರಿಗೆಯಿಂದ ನಡೆಯುವ ಸಂಸ್ಥೆಯಲ್ಲಿ ನಮ್ಮ ಪಾಲು ಕೇಳಿದರು.

ಹಾಗಾದರೆ ಇರುವ ಬಾಗಿಲುಗಳು ಯಾವುವು? ಚೀಟಿಯಲ್ಲಿ ಬರೆದುಕೊಳ್ಳಿ.

ಒಂದನೆಯದು, ಪಾಲಿಟೆಕ್ನಿಕ್. ಎಸ್.ಎಸ್.ಎಲ್.ಸಿ. ಮುಗಿಸಿ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಓದಿದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಅಲ್ಲಿಗೆ ನಿಲ್ಲಬೇಕಾಗಿ ಬಂದರೂ ಕೈಯಲ್ಲಿ ಒಂದು ಕಸುಬು ಇರುತ್ತದೆ.

ಎರಡನೆಯದು, ಎಸ್.ಎನ್.ಕ್ಯೂ. ಸೀಟು. ಮಂಜೂರಾದ ಸೀಟುಗಳ ಮೇಲೆ ಶೇಕಡ 5ರವರೆಗೆ ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ಕೊಡುವ ಯೋಜನೆಯಿದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಸಿ.ಇ.ಟಿ. ಅರ್ಜಿ ತುಂಬುವಾಗಲೇ ಇದನ್ನು ಕೋರಬೇಕು. ಆದಾಯದ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಡಬೇಕು. ಅರ್ಹತೆಯಿದ್ದೂ ತಿಳಿಯದೆ ಈ ಸೀಟು ಕಳೆದುಕೊಳ್ಳುವ ಮನೆಗಳು ನಮ್ಮ ಬೀದಿಗಳಲ್ಲಿ ಇರಕೂಡದು.

ಮೂರನೆಯದು, ದುಡಿಯುತ್ತಲೇ ಓದುವ ದಾರಿ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಸಿ.ಎ. ಉಂಟು. ಮದರಾಸಿನ ಐ.ಐ.ಟಿ. 2020ರಲ್ಲಿ ದತ್ತಾಂಶ ವಿಜ್ಞಾನದ ಪದವಿಯೊಂದನ್ನು ಪ್ರಕಟಿಸಿತು. ಪಾಠ ಇಂಟರ್‌ನೆಟ್ಟಿನಲ್ಲಿ, ಪರೀಕ್ಷೆ ಕೇಂದ್ರದಲ್ಲಿ. ಇದಕ್ಕೆ ಜೆ.ಇ.ಇ. ಬೇಡ, ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು. ಕಡಿಮೆ ಆದಾಯದವರಿಗೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಇಷ್ಟನ್ನೂ ನೋಡಿದ ಮೇಲೆಯೇ ಸಾಲದ ಮಾತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ 3 ಲಕ್ಷ ಕೈಸಾಲ ತಂದರೆ ತಿಂಗಳಿಗೆ 6,000 ರೂಪಾಯಿ ಬಡ್ಡಿ. ನಾಲ್ಕು ವರ್ಷಕ್ಕೆ 2,88,000. ಅಸಲು ಹಾಗೆಯೇ ನಿಂತಿರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲ ಇದಕ್ಕಿಂತ ಎಷ್ಟೋ ವಾಸಿ, 7.5 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವಿಡದೆ ಖಾತರಿ ಕೊಡುವ ಕೇಂದ್ರದ ಯೋಜನೆಯೊಂದಿದೆ. ಆದರೆ ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಮೊದಲ ದಿನದಿಂದ ಬೆಳೆಯುತ್ತದೆಂಬುದು ನೆನಪಿರಲಿ. ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ: ಆಡಳಿತ ಮಂಡಳಿಯ ಸೀಟಿಗಾಗಿ ಸೈಟು ಮಾರಬೇಡಿ. ಹೆಸರಿಗೆ ಕೊಟ್ಟ ಹಣದಿಂದ ವಿದ್ಯೆ ಹೆಚ್ಚುವುದಿಲ್ಲ. ಅದೇ ಹಣದ ಚಿಕ್ಕ ಪಾಲಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡು ಕೊಟ್ಟರೆ ಮಕ್ಕಳು ಮನೆಯಲ್ಲಿ ದಿನವೂ ಅಭ್ಯಾಸ ಮಾಡಬಲ್ಲರು.

ಪದವಿ ಪಡೆದವರೆಲ್ಲರಿಗೂ ಕೆಲಸ ಕಾದಿದೆಯೆಂದು ಹೇಳುವವರನ್ನು ನಂಬಬೇಡಿ. ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೋ ಈ ಮೂರು ಕಂಪನಿಗಳಲ್ಲಿ 2023-24ರ ಒಂದೇ ವರ್ಷದಲ್ಲಿ ನೌಕರರ ಸಂಖ್ಯೆ ಒಟ್ಟು ಸುಮಾರು 64,000 ಇಳಿಯಿತು. ಸಾಧಾರಣ ಪ್ರೋಗ್ರಾಮನ್ನು ಈಗ ಯಂತ್ರವೇ ಬರೆದುಕೊಡುತ್ತದೆ. ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಬಲ್ಲವನು ಉಳಿಯುತ್ತಾನೆ. ಬುಡದ ವಿಷಯ ಗಟ್ಟಿಯಿರಬೇಕೆಂದು ನಾವು ಹೇಳಿದ್ದು ಇದಕ್ಕೇ.

ಇನ್ನೊಂದು ಅಡ್ಡಗೋಡೆ ಇಂಗ್ಲಿಷು. ಕನ್ನಡ ಶಾಲೆಯಿಂದ ಬಂದವರು ಮೊದಲ ವರ್ಷ ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಪಾಠದ ಭಾಷೆಯಿಂದ. 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಬಂದರೂ ನಮ್ಮ ರಾಜ್ಯದಲ್ಲಿ ಕನ್ನಡದ ಸೀಟುಗಳಿಗೆ ಹೆಚ್ಚು ಮಂದಿ ಬರಲಿಲ್ಲ. ಪುಸ್ತಕವಿಲ್ಲದೆ, ಕೆಲಸದ ಭರವಸೆಯಿಲ್ಲದೆ ಯಾರು ತಾನೇ ಬಂದಾರು? ಇಂಗ್ಲಿಷ್ ಪುಸ್ತಕವನ್ನೇ ಇಟ್ಟುಕೊಂಡು ಕನ್ನಡದಲ್ಲಿ ವಿವರಿಸಿ ಹೇಳುವ ತರಗತಿಗಳು ಮೊದಲ ವರ್ಷವಾದರೂ ನಡೆಯಬೇಕು.

ಕೊನೆಯದಾಗಿ ಒಂದು ಮಾತು. ಕುರ್ಚಿಯಲ್ಲಿ ಕುಳಿತು ದುಡಿಯುವವನೂ ದುಡಿಯುವವನೇ. ಗಿರಣಿ ಕಾರ್ಮಿಕರಿಗೆ ಆಸರೆಯಾಗಿದ್ದ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಈ ಉದ್ಯಮಕ್ಕೆ 2014ರಲ್ಲಿ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. 2024ರಲ್ಲಿ ಅದನ್ನು ಮತ್ತೆ ಮುಂದುವರಿಸಿತು. ಅದೇ ವರ್ಷ ಜುಲೈಯಲ್ಲಿ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಹೊರಬಿತ್ತು. ಅದನ್ನು ಎದುರಿಸಲು ಐ.ಟಿ. ನೌಕರರ ಸಂಘ ಮುಂದೆ ಬಂದಿತು. ಎಂಟು ಗಂಟೆಯ ದಿನ ಯಾರ ಹೋರಾಟದಿಂದ ಬಂತೆಂಬುದನ್ನು ಮಕ್ಕಳಿಗೆ ನಾವು ಮನೆಯಲ್ಲಿಯೇ ಕಲಿಸಬೇಕು. ಆ ಪಾಠ ಯಾವ ಕಾಲೇಜಿನಲ್ಲಿಯೂ ಇಲ್ಲ.

ಆದ್ದರಿಂದ ಈ ಸಭೆಯ ಬೇಡಿಕೆಗಳು ಇವು: ಸಾರ್ವಜನಿಕ ಕಾಲೇಜುಗಳಲ್ಲಿ ಪೇಮೆಂಟ್ ಕೋಟಾ ರದ್ದಾಗಬೇಕು. ಪಾಲಿಟೆಕ್ನಿಕ್‌ಗಳ ಖಾಲಿ ಹುದ್ದೆಗಳು ತುಂಬಬೇಕು. ದುಡಿಯುವ ಯುವಕರಿಗೆ ಸಂಜೆ ತರಗತಿ ಬೇಕು. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ರಾತ್ರಿ ಒಂಬತ್ತರವರೆಗೆ ಕಂಪ್ಯೂಟರ್ ಸಿಗಬೇಕು. ಅರ್ಜಿ ತುಂಬುವ ದಿನಗಳಲ್ಲಿ ನಮ್ಮ ಕಾರ್ಯಕರ್ತರು ಪ್ರತಿ ಸಂಜೆ ಕಚೇರಿಯಲ್ಲಿರುತ್ತಾರೆ. ಆದಾಯದ ಪತ್ರ, ಅಂಕಪಟ್ಟಿ ಹಿಡಿದು ಬನ್ನಿ, ಮಕ್ಕಳನ್ನೂ ಕರೆತನ್ನಿ.